ಹುಲ್ಲು ತುಂಬಿದ ಕರು, ಬಣ್ಣ ತುಂಬಿದ ಅಮ್ಮ

ಚಿತ್ರಪುಸ್ತಕದಲ್ಲಿ ಮಕ್ಕಳಿಗೆ ಏನು ಇಷ್ಟವಾಗುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಕೇಳುವವರು ಉತ್ತರವನ್ನೂ ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಗಾಢ ಬಣ್ಣ, ದೊಡ್ಡ ಅಕ್ಷರ, ಮುದ್ದಾದ ಪ್ರಾಣಿ, ಕೊನೆಯಲ್ಲೊಂದು ನೀತಿ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಇಂಥ ಮಾತು ನಡೆಯುವ ಸಭೆಗಳಲ್ಲಿ ಕೂತು, ಅವರು ಕೊಟ್ಟ ಬಿಸ್ಕತ್ತು ತಿಂದು, ತಲೆಯಾಡಿಸಿ ಎದ್ದು ಬಂದಿದ್ದೇನೆ. ನಿಜ ತಿಳಿಯಬೇಕಾದರೆ ಶನಿವಾರ ಮಧ್ಯಾಹ್ನ ಕೋರಮಂಡಲ್‌ಗೆ ಬರಬೇಕು.

ನನ್ನ ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ, ನಾವಿರುವುದು ಕ್ವಾರ್ಟರ್ಸಿನಲ್ಲಿ. ಅಲ್ಲಿಂದ ಸ್ಕೂಟರಿನಲ್ಲಿ ಹೋದರೆ ಕೋರಮಂಡಲ್. ಗಣಿ ಮುಚ್ಚಿದ ಮೇಲೂ ಉಳಿದುಕೊಂಡ ಮನೆಗಳ ಸಾಲಿನ ಕೊನೆಗೆ ಒಂದು ಖಾಲಿ ಕೋಣೆಯಿದೆ. ವಾರಕ್ಕೊಮ್ಮೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ತೋರಿಸುತ್ತೇನೆ. ಸಮಾಜಸೇವೆ ಅಂತ ತಿಳಿಯಬೇಡಿ, ಅಷ್ಟು ಒಳ್ಳೆಯವಳಲ್ಲ ನಾನು. ನನ್ನ ಚಿತ್ರಗಳು ಅಚ್ಚಿಗೆ ಹೋಗುವ ಮೊದಲು ಅವುಗಳ ಚರ್ಮ ಸುಲಿಸಿಕೊಳ್ಳಲು ಹೋಗುತ್ತೇನೆ. ಆ ಮಕ್ಕಳಿಗೆ ದಾಕ್ಷಿಣ್ಯ ಅನ್ನುವುದು ಹುಟ್ಟಿನಿಂದಲೇ ಇಲ್ಲ. ಎರಡು ವಾರ ಕಣ್ಣು ನೋಯಿಸಿಕೊಂಡು ಬರೆದ ಆನೆಯನ್ನು ನೋಡಿ ಒಬ್ಬಳು, “ಇದು ಲದ್ದಿ ಎಲ್ಲಿ ಆಕ್ತು?” ಅಂದಳು. ಹಾಕಿಲ್ಲ ಅಂದೆ. “ಅಂಗಾದ್ರೆ ಇದು ಗೊಂಬೆ ಆನೆ,” ಅಂದು ತಲೆ ತುರಿಸಿಕೊಳ್ಳುತ್ತಾ ಕೂತಳು. ಮುಂದಿನ ವಾರ ಲದ್ದಿ ಬರೆದುಕೊಂಡು ಹೋದೆ. ಆ ಪುಟ ಹರಿದುಹೋಗುವಷ್ಟು ಸಲ ತೆಗೆಸಿದರು.

ಇನ್ನೊಮ್ಮೆ ಬಾವಿಗೆ ಬಿದ್ದ ಮೊಲದ ಕಥೆ. ಮೊಲ ಬೀಳುವ ಪುಟ ತಿರುಗಿಸಿದ್ದೇ ತಡ, ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತು, “ಸೆತ್ತುಪೋಚ್ಚಾ?” ಅಂದಳು. ಹಿಂದಿನಿಂದ ಒಬ್ಬ, “ಸಚ್ಚಿಪೋಯಿಂದಾ?” ಕಿಟಕಿ ಹತ್ತಿರದವನು, “ಸತ್ತೋಯ್ತಾ ಟೀಚರ್?” ನಮ್ಮ ಕಡೆಯ ಮಕ್ಕಳಿಗೆ ತಮಿಳು, ತೆಲುಗು, ಕನ್ನಡ ಮೂರೂ ಬರುತ್ತವೆ, ಮೂರರಲ್ಲೂ ಮೊದಲ ಪ್ರಶ್ನೆ ಇದೇ. ಇಲ್ಲ, ಆಮೆ ಬಂದು ಹಗ್ಗ ಬಿಟ್ಟು ಎತ್ತುತ್ತದೆ ಅಂದೆ. ಮುಖಗಳೆಲ್ಲ ಜೋತುಬಿದ್ದವು. ಆಮೆಯ ಪುಟ ಯಾರಿಗೂ ಬೇಡವಾಯಿತು. ಬೀಳುವ ಪುಟವನ್ನೇ ಮತ್ತೆ ಮತ್ತೆ ತೆಗೆಸಿ, ಮೊಲದ ಕಣ್ಣು ಹೇಗೆ ತೆರೆದಿದೆ, ಬಾವಿಯ ಗೋಡೆಯ ಮೇಲಿನ ಇರುವೆ ಅದನ್ನು ನೋಡುತ್ತಿದೆಯೋ ಇಲ್ಲವೋ ಅಂತ ಜಗಳವಾಡಿದರು.

ಮಕ್ಕಳು ಚಿತ್ರವನ್ನು ನೋಡುವುದಿಲ್ಲ, ತಪಾಸಣೆ ಮಾಡುತ್ತಾರೆ. ಎಲ್ಲಾದರೂ ಒಂದು ಕಡೆ ನಿಜದ ರುಚಿ ಸಿಕ್ಕಿದರೆ ಸಾಕು, ಉಳಿದ ಸುಳ್ಳನ್ನೆಲ್ಲ ಅದರ ಜೊತೆಗೆ ನುಂಗುತ್ತಾರೆ. ನನ್ನ ಇಡೀ ಕಸುಬು ನಿಂತಿರುವುದು ಇದರ ಮೇಲೆ. ಇದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಹೇಳುವ ಹೊತ್ತಿಗೆ ಇದು ಮಕ್ಕಳ ಪುಸ್ತಕಕ್ಕೆ ಸಂಬಂಧಿಸಿದ ಮಾತಾಗಿ ಉಳಿದಿರಲಿಲ್ಲ.

ನನ್ನ ತವರು ಕ್ಯಾಸಂಬಳ್ಳಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ನನ್ನ ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ಐದು ವರ್ಷದ ಮಗಳು. ನನ್ನ ತಾಯಿಯನ್ನು ಇಲ್ಲಿ ಅಜ್ಜಿ ಅಂತಲೇ ಕರೆಯುತ್ತೇನೆ, ಆ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಕಳೆದ ದೀಪಾವಳಿಯ ಮರುವಾರ ತಮ್ಮನ ಹೆಂಡತಿಗೆ ಜ್ವರ ಬಂತು. ಮೊದಲು ಮಾತ್ರೆ, ಆಮೇಲೆ ಕೋಲಾರ, ಆಮೇಲೆ ಬೆಂಗಳೂರಿನ ಆಸ್ಪತ್ರೆ. ಬಸ್ಸು ಹತ್ತಿಕೊಂಡು ಹೋದವಳು ಆಂಬುಲೆನ್ಸಿನಲ್ಲಿ ಮಲಗಿಕೊಂಡು ಬಂದಳು.

ಆಂಬುಲೆನ್ಸು ಊರು ಮುಟ್ಟುವ ಮೊದಲೇ ಮಗುವನ್ನು ಬೂದಿಕೋಟೆಗೆ, ಅವಳ ತಾಯಿಯ ತವರಿಗೆ ಸಾಗಿಸಿದ್ದರು. ಎಳೆ ಮಗು ಹೆಣ ನೋಡಬಾರದು ಅಂತ ನಮ್ಮಲ್ಲಿ ಒಂದು ಲೆಕ್ಕ. ತಿಥಿ ಮುಗಿದು, ಮನೆ ತೊಳೆದು, ನೆಂಟರೆಲ್ಲ ಹೋದ ಮೇಲೆ ವಾಪಸು ಕರೆಸಿದರು. ಬಂದವಳು ಅಮ್ಮ ಎಲ್ಲಿ ಅಂತ ಕೇಳಿದಳು. ಅಜ್ಜಿ ಕಣ್ಣು ಮಿಟುಕಿಸದೆ, “ಬೆಂಗ್ಳೂರ್ ಆಸ್ಪತ್ರೇಲವಳೆ ಕಣಮ್ಮ. ಸೂಜಿ ಚುಚ್ಚವ್ರೆ. ವಾಸಿಯಾದ್ಮೇಲೆ ಬತ್ತಾಳೆ,” ಅಂದಳು. ಹಾಗೆ ಅಂದ ಮೇಲೆ ಊರಿಗೆ ಊರೇ ಅಜ್ಜಿಯ ಮಾತನ್ನು ಕಾಯುವ ಕೆಲಸಕ್ಕೆ ನಿಂತಿತು. ಹಾರ ಹಾಕಿದ ಫೋಟೊ ಟ್ರಂಕಿನೊಳಗೆ ಹೋಯಿತು. ಡೈರಿಗೆ ಹಾಲು ಹಾಕುವ ಹೆಂಗಸರು ಮಗು ಕಂಡರೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹಲ್ಲು ತೋರಿಸಿ ನಗುತ್ತಿದ್ದರು. ನೋಡುವುದಕ್ಕೆ ಅಸಹ್ಯವಾಗುತ್ತಿತ್ತು.

ಮಗು ಊಟ ಬಿಟ್ಟಿತು. ಹಟಕ್ಕೆ ಬಿಟ್ಟಿದ್ದಲ್ಲ. ತುತ್ತು ಬಾಯಿಗಿಟ್ಟರೆ ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು, ಒಂದು ಗಳಿಗೆ ಬಿಟ್ಟು ನೋಡಿದರೆ ಮುದ್ದೆ ಹಾಗೇ ಗೋಡೆಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಹಾಲು ಕುಡಿಯುತ್ತಿದ್ದಳು, ಅಷ್ಟೆ. ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರು ಅಂದರೆ ತಟ್ಟೆ ನೆಕ್ಕುತ್ತಿದ್ದವಳು ಈಗ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ನಾನು ಹೋದಾಗ ಎತ್ತಿಕೊಂಡೆ, ಪಕ್ಕೆಲುಬು ಕೈಗೆ ಸಿಕ್ಕವು. ಡಾಕ್ಟರು ಟಾನಿಕ್ ಬರೆದುಕೊಟ್ಟು, ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತದೆ ಅಂದಿದ್ದರು. ಆಸ್ಪತ್ರೆ ಅನ್ನುವ ಹೆಸರು ಕಿವಿಗೆ ಬಿದ್ದರೆ ಅಜ್ಜಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಅದೇ ಹೊತ್ತಿಗೆ ನಮ್ಮ ನಾಟಿ ಹಸುವಿನ ಕರು ಭೇದಿಯಾಗಿ ಸತ್ತಿತು.

ಮಗು ಕುಡಿಯುತ್ತಿದ್ದುದು ಆ ಹಸುವಿನ ಹಾಲೇ. ಕೊಟ್ಟಿಗೆಯಲ್ಲಿ ಸೀಮೆಹಸುಗಳೂ ಇದ್ದವು, ಅವುಗಳ ಹಾಲು ಡೈರಿಗೆ. ಸೀಮೆಹಸುಗಳಿಗೆ ಕರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾಟಿ ಹಸು ಹಾಗಲ್ಲ, ಕರು ಮುಂದೆ ಇಲ್ಲದಿದ್ದರೆ ಕೆಚ್ಚಲು ಬಿಗಿದು ನಿಲ್ಲುತ್ತದೆ, ಹಾಲು ಇಳಿಸುವುದಿಲ್ಲ. ಇಂಜೆಕ್ಷನ್ ಕೊಡಿಸು ಅಂತ ತಮ್ಮನಿಗೆ ಯಾರೋ ಹೇಳಿದರು. “ಇಂಜೆಕ್ಷನ್ ಕೊಟ್ಟು ಕರ್ದ ಆಲು ಮಗೀಗೆ ಕುಡಿಸ್ತೀಯೇನ್ಲಾ? ಪಾಪ ತಟ್ತೈತೆ,” ಅಂದ ಅಜ್ಜಿ, ಪಾಪ ತಟ್ಟದ ದಾರಿ ಹಿಡಿದಳು. ಪಕ್ಕದ ಊರಿನಿಂದ ಈ ಕೆಲಸ ಬಲ್ಲ ಒಬ್ಬ ಮುದುಕನನ್ನು ಕರೆಸಿ ಸತ್ತ ಕರುವಿನ ಚರ್ಮ ಬಿಡಿಸಿದಳು.

ನಮ್ಮ ಕಡೆ ಇದು ಹಳೆಯ ರೂಢಿ, ಈಗ ಅಪರೂಪ. ಮುದುಕ ಚರ್ಮಕ್ಕೆ ಉಪ್ಪು, ಬೂದಿ ಉಜ್ಜಿ ಬಿಸಿಲಿಗೆ ಹಾಕಿದ. ಒಣಗಿದ ಮೇಲೆ ನಾಲ್ಕು ಕಡ್ಡಿಯ ಕಾಲು ಕೊಟ್ಟು, ಒಳಗೆ ರಾಗಿ ಹುಲ್ಲು ಗಿಡಿದು, ಗೋಣಿ ಹೊಲಿಯುವ ದಬ್ಬಳದಿಂದ ಹೊಟ್ಟೆ ಹೊಲಿದ. ಮಗು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿತ್ತು. ಯಾರೂ ಅವಳನ್ನು ಆಚೆ ಕಳಿಸಲಿಲ್ಲ. ತಾಯಿಯ ಹೆಣ ನೋಡಬಾರದ ಮಗು ಕರುವಿನ ಹೆಣ ಗೊಂಬೆಯಾಗುವುದನ್ನು ನೋಡಬಹುದು, ಅದಕ್ಕೆ ಲೆಕ್ಕ ಇಲ್ಲ. ಮುದುಕ ಕೈ ಚಾಚಿದಾಗ ಅವಳೇ ಹುಲ್ಲಿನ ಹಿಡಿ ಎತ್ತಿ ಎತ್ತಿ ಕೊಟ್ಟಳು.

ಕರುವನ್ನು ಹಸುವಿನ ಮುಂದೆ ನಿಲ್ಲಿಸಿದರು. ಹಸು ಮೂಸಿತು. ಹಿಂದೆ ಸರಿಯಿತು. ಮುದುಕ ಒಂದು ಚೊಂಬಿನಲ್ಲಿ ಉಪ್ಪುನೀರು ತಂದು ಕರುವಿನ ಬೆನ್ನಿನ ಮೇಲೆ ಚಿಮುಕಿಸಿದ. ಹಸು ಮತ್ತೆ ಮೂಸಿ, ನಾಲಿಗೆ ತೆಗೆದು ಒಂದು ಸಲ ನೆಕ್ಕಿತು. ಇನ್ನೊಂದು ಸಲ. ಆಮೇಲೆ ಕಣ್ಣು ಅರ್ಧ ಮುಚ್ಚಿಕೊಂಡು ನೆಕ್ಕುತ್ತಲೇ ನಿಂತಿತು. ಕೆಚ್ಚಲಿನ ಕೆಳಗೆ ಅಜ್ಜಿಯ ಕೈಯಲ್ಲಿದ್ದ ಬಕೆಟ್ಟಿನಲ್ಲಿ ಸುಂಯ್ ಅಂತ ಸದ್ದಾಯಿತು. ಅಜ್ಜಿ ಬಕೆಟ್ಟಿನ ಮೇಲಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಹೊಳೆದಿದೆ ಅಂತ ಆಗಲೇ ತಿಳಿಯಿತು.

ಅವತ್ತು ಸಂಜೆ ಅವಳು ನನ್ನ ಪಕ್ಕ ಬಂದು ಕೂತಳು. “ಲೇ, ನೀನು ಊರ್ ಮಕ್ಳಿಗೆಲ್ಲಾ ಚಿತ್ರ ಬರ್ಕೊಡ್ತೀಯ. ನಮ್ ಮಗೀಗೆ ಅದ್ರ ಅಮ್ಮನ್ನ ಬರ್ಕೊಡು. ನೋಡ್ಕೊಂಡು ಉಣ್ಲಿ,” ಅಂದಳು. ಅದು ತಪ್ಪು, ಮಗುವಿಗೆ ನಿಜ ಹೇಳಿಬಿಡೋಣ ಅಂತ ನಾನಂದೆ. ಅಜ್ಜಿ ದನಿ ಏರಿಸಲಿಲ್ಲ. “ನಿಜ ಏಳು. ಈಗ್ಲೇ ಓಗಿ ಏಳು. ಏಳ್ಬಿಟ್ಟು ಅದ್ರ ಬಾಯಿಗೆ ಒಂದ್ ತುತ್ತು ಇಕ್ಕಿ ತೋರ್ಸು ನಂಗೆ,” ಅಂದಳು. ನಾನು ಎದ್ದು ಹೋಗಲಿಲ್ಲ. “ಅಸೂನೇ ನಂಬಿ ಆಲು ಬಿಡ್ತೈತೆ. ಇದು ಮಗು ಕಣೇ,” ಅಂದಳು.

ಬಣ್ಣ, ಕಾಗದ ತೆಗೆದುಕೊಂಡು ಕೂತಾಗ ಮನಸ್ಸು ಅಡ್ಡ ಬಂದೀತು ಅಂದುಕೊಂಡಿದ್ದೆ. ಇಲ್ಲ. ಕಸುಬು ಬಲು ನಾಚಿಕೆಗೆಟ್ಟದ್ದು, ಕೆಲಸ ಸಿಕ್ಕರೆ ಸಾಕು ಅದಕ್ಕೆ. ಊಟ ಮಾಡಿಸುವ ಪುಸ್ತಕ ಹೇಗಿರಬೇಕು ಅಂತ ಯೋಚಿಸಿದೆ. ಅಮ್ಮನ ಒಂದು ಚಿತ್ರ ಸಾಲದು, ಒಂದು ಸಲ ನೋಡಿದರೆ ಮುಗಿಯಿತು. ಮುಂದಿನ ಪುಟದಲ್ಲಿ ಏನಿದೆ ಅನ್ನುವ ಹಸಿವು ಬೇಕು, ಆ ಹಸಿವಿಗೆ ಅನ್ನ ತಳಕು ಹಾಕಬೇಕು. ಹಾಗಾಗಿ ಅಮ್ಮನನ್ನು ಹೊರಡಿಸಿದೆ. ಮೊದಲ ಪುಟದಲ್ಲಿ ಆಸ್ಪತ್ರೆಯ ಕಿಟಕಿ. ಎರಡನೆಯದರಲ್ಲಿ ಮಂಚದಿಂದ ಇಳಿಯುತ್ತಾಳೆ. ಆಮೇಲೆ ಮೆಟ್ಟಿಲು, ಆಟೊ, ರೈಲ್ವೆ ಸ್ಟೇಷನ್ನು. ಪುಟದಿಂದ ಪುಟಕ್ಕೆ ಅಮ್ಮ ಮನೆಗೆ ಹತ್ತಿರವಾಗುತ್ತಾಳೆ. ತುತ್ತು ನುಂಗಿದರೆ ಪುಟ ತಿರುಗುತ್ತದೆ, ಇಲ್ಲದಿದ್ದರೆ ಅಮ್ಮ ಅಲ್ಲೇ ನಿಂತಿರುತ್ತಾಳೆ.

ಉಪ್ಪುನೀರನ್ನೂ ಮರೆಯಲಿಲ್ಲ. ಅವಳು ನಗುವಾಗ ಒಂದು ಹಲ್ಲು ತುಟಿಯ ಮೇಲೆ ಕೂರುತ್ತಿದ್ದುದನ್ನು ಬರೆದೆ. ಸೆರಗಿನ ತುದಿಗೆ ಗಂಟು ಹಾಕಿ ಬೀಗದಕೈ ಕಟ್ಟಿಕೊಳ್ಳುತ್ತಿದ್ದುದು, ಎಡಗೈಯಲ್ಲಿ ಒಲೆಯ ಸುಟ್ಟ ಕಲೆ, ಹಸಿರು ಪಟ್ಟಿಯ ಚಪ್ಪಲಿ. ಬಣ್ಣ ಒಣಗಿದ ಮೇಲೆ ದೂರ ಇಟ್ಟು ನೋಡಿದೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ, ಅದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮಗು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು ಮೂಸಿ ನೋಡಿದಳು. ಅಜ್ಜಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಿಡಿದಿದ್ದಳು. ಮಗು ಕಿಟಕಿಯ ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿ ತೆರೆದಳು. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು. “ನುಂಗ್ತು ಕಣೇ, ನುಂಗ್ತು! ತಿರುಗ್ಸು, ತಿರುಗ್ಸು!” ಅಂತ ಅಜ್ಜಿ ಕಿರುಚಿದಳು. ಅಂದು ಅರ್ಧ ಮುದ್ದೆ ಖಾಲಿಯಾಯಿತು. ಅಜ್ಜಿ ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಆಮೇಲೆ ಅದೊಂದು ಆಟವೇ ಆಯಿತು. ಊಟದ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲಲ್ಲಿ ನಿಂತು, ಮಗು ತಿನ್ನುವುದನ್ನು ಟಿವಿ ನೋಡಿದ ಹಾಗೆ ನೋಡುತ್ತಿದ್ದರು. “ಅಮ್ಮ ರೈಲತ್ತಿದ್ಲು ಅಲ್ವೇನಮ್ಮಾ?” ಅಂತ ಒಬ್ಬಳು ಕೇಳಿದರೆ, “ಊಂ,” ಅನ್ನುತ್ತಿದ್ದಳು ಮಗು, ಬಾಯಿ ತುಂಬ ಅನ್ನ ಇಟ್ಟುಕೊಂಡು. ನನ್ನ ತಮ್ಮ ಮಾತ್ರ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಒಂದೇ ಒಂದು ಸಲ ಪುಸ್ತಕ ಬಿಡಿಸಿ ನೋಡಿ, ಅದನ್ನು ಹಾಗೇ ಕೆಳಗಿಟ್ಟು, ಟ್ರಾಕ್ಟರು ಹತ್ತಿ ಹೋದವನು ಕತ್ತಲಾದ ಮೇಲೆ ಬಂದ.

ಪುಸ್ತಕ ನೋಡತೊಡಗಿದ ಕೆಲವು ದಿನಕ್ಕೆ ಮಗು ಒಂದು ಪುಟದಲ್ಲಿ ಬೆರಳಿಟ್ಟು ನಿಂತಳು. “ಅತ್ತೆ, ಅಮ್ಮನ ಚಪ್ಪಲಿ ಕೊಟ್ಟಿಗೆ ತಾವ ಐತಲ್ಲ. ಇಲ್ಲಿ ಎಂಗೆ ಆಕ್ಕೊಂಡವ್ಳೆ?” ಅಂದಳು. ಆಸ್ಪತ್ರೆಗೆ ಹೊರಟ ದಿನ ಜ್ವರದ ಮಂಪರಿನಲ್ಲಿ ಅವಳು ಬರಿಗಾಲಿನಲ್ಲೇ ಹೋಗಿದ್ದಳು. ಅಜ್ಜಿ ಕೂಡಲೇ, “ಅಂತದ್ದೇ ಒಸಾ ಜೊತೆ ತಕ್ಕೊಂಡವ್ಳೆ ಕಣಮ್ಮ. ಆ ಮಾಡು,” ಅಂದು ತುತ್ತು ಇಟ್ಟಳು. ಮಗು ನುಂಗಿದಳು. ಮರುದಿನ ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಅಂತ ಅಜ್ಜಿಯನ್ನು ಕೇಳಿದೆ. ತಿಪ್ಪೆಯ ಕಡೆಗೆ ಗಲ್ಲ ಎತ್ತಿ ತೋರಿಸಿ ಸಗಣಿ ಬಾಚುವುದಕ್ಕೆ ಹೋದಳು.

ತೊಂದರೆ ಇದ್ದದ್ದು ದೂರದಲ್ಲಿ. ಬೆಂಗಳೂರಿನಿಂದ ಕ್ಯಾಸಂಬಳ್ಳಿ ಎಷ್ಟು ದೂರ ಇದ್ದೀತು? ಮಗು ತಿನ್ನುತ್ತಿದ್ದ ವೇಗಕ್ಕೆ ಅಮ್ಮ ಮಾಲೂರು ದಾಟಿದಳು, ಟೇಕಲ್ ದಾಟಿದಳು. ನಾನು ವಾರಕ್ಕೆರಡು ಸಲ ಹೊಸ ಹಾಳೆಗಳನ್ನು ತಂದು ಹೊಲಿಯುತ್ತಿದ್ದೆ. “ನಿದಾನ್ಕೆ ಬರ್ಸೇ ಅವ್ಳನ್ನ,” ಅಂತ ಅಜ್ಜಿ ನನ್ನ ಕಿವಿಯಲ್ಲಿ ಗೊಣಗುತ್ತಿದ್ದಳು. “ಬಂದ್ಬಿಟ್ರೆ ಏನ್ ಮಾಡಾನ?” ಸತ್ತ ಸೊಸೆ ಮನೆಗೆ ಬಂದುಬಿಟ್ಟಾಳು ಅಂತ ಅಜ್ಜಿಗೆ ನಿಜವಾಗಿಯೂ ಭಯ ಹತ್ತಿತ್ತು. ಬದುಕಿದ್ದಾಗಲೂ ಅವಳ ಬಗ್ಗೆ ಅಷ್ಟು ಯೋಚಿಸಿರಲಿಲ್ಲ.

ಹಾಗಾಗಿ ರೈಲನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವಳ ಬ್ಯಾಗು ಕಳೆದು ಸಿಗುವಂತೆ ಮಾಡಿದೆ. ಪೇಟೆಯಲ್ಲಿ ಗಾಡಿಯ ಮುಂದೆ ನಿಲ್ಲಿಸಿ, ಆ ಊರಿನ, ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿ ತಿನ್ನಿಸಿದೆ, ಖಾರಕ್ಕೆ ಅವಳ ಮೂಗು ಕೆಂಪಾಗಿತ್ತು. ಆ ಪುಟ ಮಗುವಿಗೆ ಬಲು ಇಷ್ಟವಾಯಿತು, ಅದೊಂದಕ್ಕೇ ಒಂದು ಬಟ್ಟಲು ಮೊಸರನ್ನ ಹೋಯಿತು. ಬಸ್ಸಿನ ಟೈರು ಪಂಕ್ಚರ್ ಮಾಡಿದೆ. ದಾರಿಗೆ ಕುರಿಮಂದೆ ಅಡ್ಡ ತಂದೆ. ಮಗುವಿನ ಕೆನ್ನೆ ತುಂಬಿಕೊಂಡವು. ನಾನು ಕಳಿಸಿದ ಪುಟಗಳ ಫೋಟೊ ನೋಡಿದ ನನ್ನ ಸಂಪಾದಕಿ ಫೋನ್ ಮಾಡಿ, ಇಷ್ಟು ಜೀವ ಇರುವ ಕೆಲಸ ನೀವು ಮಾಡೇ ಇಲ್ಲ, ಪುಸ್ತಕ ಮಾಡೋಣ, ಆದರೆ ಕೊನೆಯಲ್ಲಿ ಅಮ್ಮ ಮನೆ ಸೇರಲೇಬೇಕು, ಮಕ್ಕಳಿಗೆ ಭರವಸೆ ಮುಖ್ಯ ಅಂದಳು. ಆಗಲಿ, ಪುಸ್ತಕದ ಅಮ್ಮನಿಗೇ ಹೇಳಿ ನೋಡುತ್ತೇನೆ ಅಂದು ಫೋನ್ ಇಟ್ಟೆ.

ಆ ಶನಿವಾರ ಹಾಳೆಗಳ ಬಣ್ಣದ ಪ್ರತಿಗಳನ್ನು ಕೋರಮಂಡಲ್‌ಗೆ ಒಯ್ದೆ. ಅದು ಯಾರ ಅಮ್ಮ, ಯಾಕೆ ಬರೆದದ್ದು, ಒಂದನ್ನೂ ಹೇಳಲಿಲ್ಲ. ಮಕ್ಕಳು ಕಿಟಕಿ ನೋಡಿದರು, ರೈಲು ನೋಡಿದರು, ಪಾನಿಪುರಿಗೆ ಬಾಯಲ್ಲಿ ನೀರು ಸುರಿಸಿದರು. ಕುರಿಮಂದೆಯ ಪುಟಕ್ಕೆ ಬರುವ ಹೊತ್ತಿಗೆ, ಮೊಲ ಸತ್ತಿತೇ ಅಂತ ಎದ್ದು ನಿಂತಿದ್ದ ಹುಡುಗಿ ಆಕಳಿಸಿದಳು. “ಅವ ವರಮಾಟ್ಟಾ,” ಅಂದಳು. ಅವಳು ಬರುವುದಿಲ್ಲ. ಯಾಕೆ ಅಂತ ಕೇಳಿದೆ. “ಬರೋ ಅಂಗಿದ್ರೆ ಆಗ್ಲೇ ಬಂದ್ಬಿಡೋವ್ಳು ಟೀಚರ್. ಈ ಬುಕ್ಕು ಸುಮ್ನೆ ಓಡಾಡಿಸ್ತೈತೆ,” ಅಂದಳು. ಮಿಕ್ಕವರೂ ತಲೆಯಾಡಿಸಿದರು. ಅವರಿಗೆ ದುಃಖವೂ ಆಗಿರಲಿಲ್ಲ, ಆಶ್ಚರ್ಯವೂ ಆಗಿರಲಿಲ್ಲ. ಇನ್ನೊಂದು ಪುಸ್ತಕ ತೆಗಿ ಅಂದರು.

ಸ್ಕೂಟರಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಕತೆ ಎಳೆಯುವುದನ್ನು ಇವರು ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದರೆ, ದಿನಕ್ಕೆರಡು ಹೊತ್ತು ನೋಡುವವಳಿಗೆ ತಿಳಿಯದೆ ಇರುತ್ತದೆಯೇ? ತಿಳಿದಿದ್ದರೆ ಮತ್ತೆ ಊಟ ಬಿಡಬೇಕಿತ್ತಲ್ಲ. ಬಿಟ್ಟಿಲ್ಲ, ತಿನ್ನುತ್ತಿದ್ದಾಳೆ, ಹಾಗಾದರೆ ನಂಬಿದ್ದಾಳೆ. ಹೀಗೆ ಲೆಕ್ಕ ಹಾಕಿಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಅಮ್ಮ ನಮ್ಮೂರಿನ ಕೆರೆ ಏರಿಯ ಮೇಲೆ ಬಂದು ನಿಂತಿದ್ದಳು. ಅಲ್ಲಿಂದ ನೋಡಿದರೆ ಮನೆಯ ಹೆಂಚು ಕಾಣುತ್ತದೆ. ಇನ್ನು ಅಡ್ಡ ತರುವುದಕ್ಕೆ ನನ್ನ ಹತ್ತಿರ ಕುರಿಯೂ ಉಳಿದಿರಲಿಲ್ಲ. ಸಾಕು, ಹೇಳಿಬಿಡೋಣ, ಮಗು ಈಗ ಗಟ್ಟಿಯಾಗಿದೆ ಅಂತ ಅಜ್ಜಿಗೆ ಹೇಳಿದೆ. “ವಾಪಸ್ ಕಳ್ಸು,” ಅಂದಳು. ನನಗೆ ಅರ್ಥವಾಗಲಿಲ್ಲ. “ಏರಿ ಮ್ಯಾಲೇ ತಿರ್ಗಾ ಜರ ಬಂತು ಅಂತ ಬರಿ. ತಿರ್ಗಾ ಬಸ್ ಅತ್ತಿಸು. ತಿರ್ಗಾ ಬೆಂಗ್ಳೂರಿಗೆ ಓಗ್ಲಿ. ಅಷ್ಟೊತ್ತಿಗೆ ಸ್ಕೂಲು ಸುರುವಾಯ್ತದೆ, ಮರೀತೈತೆ.” ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಮೊಮ್ಮಗಳನ್ನು ಉಳಿಸಿಕೊಳ್ಳಲು ಸೊಸೆಯನ್ನು ಇನ್ನೊಮ್ಮೆ ಸಾಯಿಸಲೂ ಅವಳು ತಯಾರು. ನಾನು ಬರೆದೆ. ಏರಿಯ ಮೇಲೆ ಹಣೆ ಮುಟ್ಟಿಕೊಂಡು ನಿಂತ ಅಮ್ಮ. ಮುಂದಿನ ಪುಟದಲ್ಲಿ ಅವಳ ಬೆನ್ನು.

ಆ ಹಾಳೆಗಳನ್ನು ಹೊಲಿದುಕೊಂಡು ಹೋದ ದಿನ ಸಂಜೆ ಹಾಲು ಕರೆಯುವ ಹೊತ್ತು. ಅಜ್ಜಿ ಒಳಗೆ ಮುದ್ದೆ ತಿರುವುತ್ತಿದ್ದಳು. ಮಗು ಕೊಟ್ಟಿಗೆಯಲ್ಲಿ ಒಬ್ಬಳೇ ಹುಲ್ಲುಕರುವಿನ ಪಕ್ಕ ಕೂತಿದ್ದಳು. ನೆಕ್ಕಿಸಿಕೊಂಡು ನೆಕ್ಕಿಸಿಕೊಂಡು ಕರುವಿನ ಬೆನ್ನಿನ ಕೂದಲು ಹೋಗಿ ಚರ್ಮ ಬೋಳಾಗಿತ್ತು. ಹೊಟ್ಟೆಯ ಹೊಲಿಗೆ ಒಂದು ಕಡೆ ಬಿಚ್ಚಿ ರಾಗಿ ಹುಲ್ಲು ಹೊರಗೆ ಇಣುಕಿತ್ತು. ನಾನು ಪಕ್ಕದಲ್ಲಿ ಕೂತೆ. ಅವಳು ಎದ್ದು, ಹುಲ್ಲಿನ ಹೊರೆಯ ಹಿಂದೆ ಕೈ ಹಾಕಿ ಏನನ್ನೋ ಎಳೆದು ತಂದು ನನ್ನ ತೊಡೆಯ ಮೇಲಿಟ್ಟಳು. ಒಣಗಿದ ಸಗಣಿ ಮೆತ್ತಿದ್ದ ಹಸಿರು ಪಟ್ಟಿಯ ಚಪ್ಪಲಿ, ಒಂದೇ ಕಾಲಿನದು.

“ಅಜ್ಜಿ ತಿಪ್ಪೇಲಿ ಊತಾಕಿತ್ತು. ಇನ್ನೊಂದು ನಾಯಿ ಎತ್ಕೊಂಡೋಯ್ತು,” ಅಂದಳು.

ನಾನು ಚಪ್ಪಲಿಗೆ ಮೆತ್ತಿದ್ದ ಸಗಣಿಯನ್ನು ಉಗುರಿನಿಂದ ಕೆರೆದೆ.

“ಅಮ್ಮ ಬರೋ ಅಂಗಿದ್ರೆ ಅಜ್ಜಿ ಊತಾಕ್ತಿರ್ಲಿಲ್ಲ,” ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಕೋರಮಂಡಲ್‌ನ ಹುಡುಗಿ ಆಕಳಿಸಿ ಹೇಳಿದ ಹಾಗೇ ಹೇಳಿದಳು. ಹಸು ಕತ್ತು ಚಾಚಿ ಕರುವನ್ನು ಮೂಸಿ, ನೆಕ್ಕುವುದಕ್ಕೆ ಶುರುಮಾಡಿತು. ಮಗು ಅದನ್ನೇ ನೋಡುತ್ತಾ, “ಅತ್ತೆ, ಕರು ಸತ್ತೋಗಿರೋದು ಅದಕ್ಕೆ ಗೊತ್ತು,” ಅಂದಳು.

“ಯಾರು ಹೇಳಿದ್ರು ನಿಂಗೆ?”

“ಮೂಸ್ತೈತಲ್ಲ. ಉಲ್ಲಿನ ವಾಸ್ನೆ ಗೊತ್ತಾಗಲ್ವಾ ಅದಕ್ಕೆ? ದಿನಾ ಅದೇ ತಾನೆ ತಿನ್ನೋದು.”

“ಮತ್ತೆ ಯಾಕೆ ನೆಕ್ಕುತ್ತೆ?”

ಇಷ್ಟೂ ತಿಳಿಯದೇ ಅನ್ನುವಂತೆ ನನ್ನನ್ನು ನೋಡಿದಳು. “ನೆಕ್ಕಿಲ್ಲ ಅಂದ್ರೆ ಅಜ್ಜಿ ಒಡೀತೈತೆ ಅದಕ್ಕೆ.” ಹೊರಗೆ ಇಣುಕಿದ್ದ ಹುಲ್ಲನ್ನು ಬೆರಳಿನಿಂದ ಒಳಗೆ ತುರುಕುತ್ತಾ ಅಂದಳು, “ನಾನು ತಿಂದಿಲ್ಲ ಅಂದ್ರೆ ಅಜ್ಜಿ ಅಳ್ತೈತೆ.”

ಚಪ್ಪಲಿಯನ್ನು ನನ್ನ ತೊಡೆಯಿಂದ ತೆಗೆದುಕೊಂಡು ಮತ್ತೆ ಹೊರೆಯ ಹಿಂದೆ ಇಟ್ಟಳು. “ಅಜ್ಜೀಗೆ ಏಳ್ಬೇಡ,” ಅಂದಳು.

ಒಳಗಿನಿಂದ ಅಜ್ಜಿ ಕೂಗಿದಳು. ಮಗು ಕೈ ತೊಳೆದುಕೊಂಡು ಬಂದು, ಗೋಡೆಗೆ ಒರಗಿ, ಕಾಲು ಮಡಿಸಿ ತನ್ನ ಜಾಗದಲ್ಲಿ ಕೂತಳು. ನಾನು ಪುಸ್ತಕ ತೆರೆದೆ. ಏರಿಯ ಮೇಲೆ ಅಮ್ಮ ಹಣೆ ಮುಟ್ಟಿಕೊಂಡು ನಿಂತಿದ್ದಳು. ಮಗು ಎಂದಿನಂತೆ ಮುಖ ತಂದು ಹಾಳೆಯನ್ನು ಮೂಸಿದಳು. ಅಜ್ಜಿ ತುತ್ತು ಹಿಡಿದು ಕಾಯುತ್ತಿದ್ದಳು, ಕಣ್ಣು ಮಗುವಿನ ಬಾಯಿಯ ಮೇಲೇ ಇತ್ತು. ಮಗು ಅದನ್ನು ಗಮನಿಸಿದಳು. ಆಮೇಲೆ ಅಜ್ಜಿಗೆ ಚೆನ್ನಾಗಿ ಕೇಳಿಸುವಂತೆ ಜೋರಾಗಿ, “ಅತ್ತೆ, ಅಮ್ಮಂಗೆ ತಿರ್ಗಾ ಜರ ಬಂತಾ? ಯಾವಾಗ್ ಬತ್ತಾಳೆ?” ಅಂದಳು.

ಅಜ್ಜಿಯ ಮುಖ ಅರಳಿತು. “ಬತ್ತಾಳೆ ಕಣಮ್ಮ, ಬತ್ತಾಳೆ. ಇದೊಂದ್ ತುತ್ತು ನುಂಗು,” ಅಂದಳು.

ಮಗು ಬಾಯಿ ತೆರೆದಳು, ನುಂಗಿದಳು, ನನ್ನನ್ನು ನೋಡಿದಳು. ನಾನು ಹಾಳೆ ತಿರುಗಿಸಿದೆ.